ಡಾಂಬರು ಬಾರದ ದಾರಿಗೆ ಲಕ್ಷದ ಸೈಕಲ್ಲು

ಆ ರೀಲ್ ನಿಮ್ಮ ಮೊಬೈಲಿಗೂ ಈಗಾಗಲೇ ಮೂರು ಸಲ ಬಂದಿರುತ್ತದೆ. ಹೊಳೆಸಾಲಿನ ರಸ್ತೆ, ಒಂದು ಬದಿ ತೆಂಗು, ಇನ್ನೊಂದು ಬದಿ ಹೊಳೆ, ನಡುವೆ ಲಕ್ಷದ ಸೈಕಲ್ಲಿನ ಮೇಲೆ ಕರಿಕನ್ನಡಕದ ಸವಾರ. ಕೆಳಗೆ ಕ್ಯಾಮೆರಾ ತಿರುಗಿಸಿ, ‘ಅಪ್ಪಟ ಗ್ರಾವೆಲ್, ಯಾರೂ ಮುಟ್ಟಿಲ್ಲ!’ ಎನ್ನುತ್ತಾನೆ. ಆ ಎರಡನೆಯ ಮಾತು ಮಾತ್ರ ನೂರಕ್ಕೆ ನೂರು ನಿಜ. ಜಲ್ಲಿ ಸುರಿದು ಹೋದ ಮೇಲೆ ಅದನ್ನು ಯಾರೂ ಮುಟ್ಟಿಲ್ಲ.

ಇಷ್ಟು ವರ್ಷ ನಾವು ಗುತ್ತಿಗೆದಾರರನ್ನು ಸುಮ್ಮನೆ ಬೈದೆವು. ಪಾಪ, ಅವರು ಗ್ರಾವೆಲ್ ಸೈಕ್ಲಿಂಗ್, ಅಂದರೆ ಜಲ್ಲಿ ದಾರಿಯ ಸೈಕಲ್ ಸವಾರಿ, ಎಂಬ ಅಂತಾರಾಷ್ಟ್ರೀಯ ಕ್ರೀಡೆಯೊಂದಕ್ಕೆ ಗುಟ್ಟಾಗಿ ಮೈದಾನ ಸಿದ್ಧಮಾಡುತ್ತಿದ್ದರು. ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾ ಎಂಬ ಊರಿನಲ್ಲಿ 2006ರಲ್ಲಿ 200 ಮೈಲಿಯ ಜಲ್ಲಿ ರಸ್ತೆ ಸೈಕಲ್ ರೇಸು ಶುರುವಾಯಿತು. ಅಲ್ಲಿಯ ಚಕಮಕಿ ಕಲ್ಲು ಟೈರಿನ ಪಕ್ಕೆ ಸೀಳುತ್ತದೆ, ಆದರೂ ಜನ ದುಡ್ಡು ಕೊಟ್ಟು ಹೋಗುತ್ತಾರೆ. ಹೆಚ್ಚುಕಮ್ಮಿ ಅದೇ ಹೊತ್ತಿಗೆ, 2006–07ರಲ್ಲಿ, ನಮ್ಮ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚತೊಡಗಿತು. ಸೈಕಲ್ ಸರ್ಕಾರದ್ದು, ಜಲ್ಲಿ ಗುತ್ತಿಗೆದಾರರದು. ಅಲ್ಲಿಯವರು ವರ್ಷಕ್ಕೊಮ್ಮೆ ಪಡುವ ಸುಖವನ್ನು ನಮ್ಮ ಮಕ್ಕಳು ದಿನಕ್ಕೆ ಎರಡು ಸಲ ಪುಕ್ಕಟೆ ಪಟ್ಟರು, ಅದೂ ಕ್ಯಾರಿಯರಿನ ಮೇಲೆ ತಂಗಿಯನ್ನು ಕೂರಿಸಿಕೊಂಡು. ಕೊರೊನಾ ಬಂದಾಗ ಸೈಕಲ್ ಹಂಚುವುದು ನಿಂತಿತು. ಜಲ್ಲಿ ನಿಲ್ಲಲಿಲ್ಲ.

ಅಂದಹಾಗೆ, ಜಲ್ಲಿ ಸುರಿದ ಮಾತ್ರಕ್ಕೆ ಗ್ರಾವೆಲ್ ರಸ್ತೆ ಆಗುವುದಿಲ್ಲ. ಅದಕ್ಕೂ ಒಂದು ಪಾಕವಿದೆ. ಮೇಲ್ಪದರಕ್ಕೆ 20 ಮಿ.ಮೀ. ಆಸುಪಾಸಿನ ಕಲ್ಲು, ಅದಕ್ಕಿಂತ ಸಣ್ಣದು, ಇನ್ನೂ ಸಣ್ಣದು, ಜೊತೆಗೆ ನೂರಕ್ಕೆ ಹತ್ತು ಹದಿನೈದು ಪಾಲು ಅಂಟುವ ಪುಡಿಮಣ್ಣು. ನೀರು ಹಾಕಿ ಎಂಟು ಹತ್ತು ಟನ್ನಿನ ರೋಲರ್ ಹಾಯಿಸಿದರೆ ಕಲ್ಲು ಕಲ್ಲಿಗೆ ಹಲ್ಲು ಕಚ್ಚಿ ಕೂರುತ್ತದೆ. ಮೂರು ಮೀಟರ್ ಅಗಲದ ರಸ್ತೆಯಾದರೆ ನಡುಭಾಗ ಅಂಚಿಗಿಂತ ಆರೇಳು ಸೆಂ.ಮೀ. ಎತ್ತರ ಇರಬೇಕು, ಇಲ್ಲವಾದರೆ ನೀರು ರಸ್ತೆಯ ಮೇಲೇ ವಾಸ್ತವ್ಯ ಹೂಡುತ್ತದೆ. ಎರಡೂ ಬದಿ ಗಟಾರ, ತಗ್ಗಿನಲ್ಲಿ ಮೋರಿ. ಇಷ್ಟು ಮಾಡಿದ ರಸ್ತೆಗೆ ಡಾಂಬರು ಬರದಿದ್ದರೂ ಯಾರೂ ಅಳುವುದಿಲ್ಲ.

ನಮ್ಮಲ್ಲಿ ಬೀಳುವುದು 40 ಮಿ.ಮೀ. ಜಲ್ಲಿ, ಎಲ್ಲವೂ ಅವಳಿಜವಳಿಯಂತೆ ಒಂದೇ ಅಳತೆ. ಪುಡಿ ಅಂದಾಜುಪಟ್ಟಿಯಲ್ಲಿರುತ್ತದೆ, ರಸ್ತೆಯಲ್ಲಿರುವುದಿಲ್ಲ. ರೋಲರ್ ಫೋಟೊದಲ್ಲಿರುತ್ತದೆ. ಸಂದು ತುಂಬಲು ಏನೂ ಇಲ್ಲದ ಕಲ್ಲು ಚಕ್ರ ತಾಗಿದ ಕೂಡಲೇ ಉರುಳುತ್ತದೆ. ಟೆಂಪೊ ಓಡಿ ಓಡಿ ಎರಡು ಗೆರೆ ಬೀಳುತ್ತದೆ, ಕಲ್ಲೆಲ್ಲ ನಡುವಿಗೂ ಅಂಚಿಗೂ ಸರಿದು ದಿಬ್ಬವಾಗುತ್ತದೆ. ಮಳೆ ಬಂದರೆ ಆ ಗೆರೆಗಳೇ ಗಟಾರ. ಅಡಿಯ ಕೆಂಪುಮಣ್ಣು ಹೊಳೆಗೆ ಹೋಗುತ್ತದೆ, ಮೂಳೆಯಂತೆ ಕಲ್ಲು ಎದ್ದು ನಿಲ್ಲುತ್ತದೆ. ಇದಕ್ಕೇ ಸವಾರರು ‘ಟೆಕ್ನಿಕಲ್ ಸೆಕ್ಷನ್’ ಎನ್ನುವುದು.

ಬಸುರಿಯನ್ನು ಆಟೋದಲ್ಲಿ ಕೂರಿಸಿ ಆ ಟೆಕ್ನಿಕಲ್ ಸೆಕ್ಷನ್ ದಾಟಿಸಿ ನೋಡಿ. ನಮ್ಮ ಉತ್ತರ ಕನ್ನಡ ಜಿಲ್ಲೆಯ ರೋಗಿ ಮೊದಲೇ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ಅಲೆಯಬೇಕು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಗೆ ಇಳಿಯಿತು. ಮೂರು ವಾರ ಕಳೆದು ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿಯ ಹಳೆ ಸೇತುವೆ ಹೊಳೆಗೆ ಬಿತ್ತು. ಇಷ್ಟೆಲ್ಲ ನೋಡಿದ ಜಿಲ್ಲೆಯಲ್ಲಿ ನಿಂತು ‘ನಮ್ಮ ಮೂರು ಕಿಲೋಮೀಟರಿಗೆ ಪುಡಿ ಹಾಕಿ, ರೋಲರ್ ಹೊಡೆಯಿರಿ’ ಎಂದು ಕೇಳಲು ನಾಚಿಕೆಯಾಗುತ್ತದೆ. ಆದರೂ ಕೇಳಿದ್ದಾರೆ. ಅರ್ಜಿ ಕೊಟ್ಟು, ಗ್ರಾಮಸಭೆಯಲ್ಲಿ ಎದ್ದು ನಿಂತು, ಕೇಳಿ ಕೇಳಿ ಸಾಕಾಗಿದೆ.

ಇರಲಿ. ಕಾಲುವೆ ದಂಡೆಯ ಮೇಲೆ ಸೈಕಲ್ ಹೊಡೆಯುವ ವಿಷಯಕ್ಕೆ ಬರೋಣ, ಅದೂ ಈಗ ಫ್ಯಾಷನ್ನು. ವಾಷಿಂಗ್ಟನ್ನಿನಿಂದ ಕಂಬರ್ಲೆಂಡಿಗೆ 184.5 ಮೈಲಿ ಉದ್ದದ ಹಳೆ ಕಾಲುವೆಯೊಂದಿದೆ. ದೋಣಿ ಎಳೆಯುವ ಹೇಸರಗತ್ತೆಗಳಿಗಾಗಿ ಮಾಡಿದ ಅದರ ದಂಡೆಯೇ ಇಂದು ಸೈಕಲ್ ದಾರಿ. ಅದರ ಮೇಲೆ ವಾಹನ ರಸ್ತೆ ಮಾಡಬೇಕೆಂದು ಹೊರಟಾಗ, 1954ರಲ್ಲಿ, ಅಲ್ಲಿಯ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಾಸ್ ಆ ಯೋಜನೆಯನ್ನು ಹೊಗಳಿ ಬರೆದ ಪತ್ರಿಕೆಯವರನ್ನೇ ‘ಬನ್ನಿ, ನನ್ನ ಜೊತೆ ಅಷ್ಟೂ ದೂರ ನಡೆಯಿರಿ’ ಎಂದು ಕರೆದರು. ಹೊರಟವರು ಹಲವರು, ಎಂಟು ದಿನ ನಡೆದು ಕೊನೆ ಮುಟ್ಟಿದವರು 9 ಮಂದಿ. ರಸ್ತೆ ಬರಲಿಲ್ಲ. 1971ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ನಮ್ಮಲ್ಲಿ ಪತ್ರಿಕೆಯವರನ್ನು ಹೀಗೆ ಕರೆದರೆ ಮೊದಲು ಬರುವ ಪ್ರಶ್ನೆ ‘ವಾಹನದ ವ್ಯವಸ್ಥೆ ಏನು, ಮಧ್ಯಾಹ್ನದ ಊಟ ಎಲ್ಲಿ?’ ಇದನ್ನು ಬರೆಯುತ್ತಿರುವವನೂ ಅದನ್ನೇ ಕೇಳುತ್ತಾನೆ.

ಕಾಲುವೆ ನಮ್ಮಲ್ಲೂ ಇಲ್ಲದಿಲ್ಲ. ಮುಂಡಗೋಡ ತಾಲೂಕಿನ ಮಳಗಿಯಲ್ಲಿ ಧರ್ಮಾ ಜಲಾಶಯವಿದೆ, ಅದರ ಕಾಲುವೆ ಹಾನಗಲ್ಲಿನ ಗದ್ದೆಗಳಿಗೆ ಹೋಗುತ್ತದೆ. ಆದರೆ ಕಾಲುವೆ ಏರಿಯ ಹಣೆಬರಹ ಎಲ್ಲ ಕಡೆ ಒಂದೇ. ಹೂಳೆತ್ತಿದಾಗ ಆ ಹೂಳು ಏರಿಯ ಮೇಲೇ ಬೀಳುತ್ತದೆ, ಒಣಗಿ ಹೆಂಟೆಯಾಗುತ್ತದೆ, ಅಂಚಿಗೆ ಜಾಲಿ ಬೆಳೆಯುತ್ತದೆ. ಜಾಲಿಮುಳ್ಳಿನ ಮುಂದೆ ಯಾವ ಕಂಪನಿಯ ಟೈರೂ ಒಂದೇ. ನಮ್ಮ ಜಿಲ್ಲೆಯ ಅತಿ ಉದ್ದದ ಕಾಲುವೆ ಇರುವುದು ಕಾಗದದ ಮೇಲೆ: ಬೇಡ್ತಿ ಹೊಳೆಯ ನೀರನ್ನು ವರದಾ ನದಿಗೆ ಒಯ್ಯುವ ಯೋಜನೆ. ಬೇಡ್ತಿಗೆ ಇದು ಬೇಡ ಎಂದು ಘಟ್ಟದವರು ಹೇಳುತ್ತಲೇ ಇದ್ದಾರೆ, ಯೋಜನೆ ಮಾತ್ರ ಪದೇ ಪದೇ ಎದ್ದು ಕೂರುತ್ತದೆ. ಆ ವರದಿಯ ಪುಟದಂಚಿನಲ್ಲೇ ಒಂದು ಸೈಕಲ್ ಪಥ ಎಳೆದು ರಿಬ್ಬನ್ ಕತ್ತರಿಸಿದರೆ ಎರಡೂ ಕಡೆಯವರಿಗೆ ಸಮಾಧಾನ. ಅರಣ್ಯ ಇಲಾಖೆಯ ಅನುಮತಿಯೂ ಬೇಡ.

ಇನ್ನು ಕುಮಟೆಯ ಕಡೆ ಅಘನಾಶಿನಿಯ ಗಜನಿ (ಉಪ್ಪುನೀರಿನ ಗದ್ದೆ) ಒಡ್ಡುಗಳನ್ನು ಕೆಲವರು ಆಗಲೇ ನಕಾಶೆಯಲ್ಲಿ ಹಸಿರು ಗೆರೆ ಎಳೆದು ‘ಟ್ರೇಲ್’ ಮಾಡಿದ್ದಾರೆ. ಒಡ್ಡು ಇರುವುದು ಉಪ್ಪುನೀರು ತಡೆಯಲಿಕ್ಕೆ, ಒಳಗೆ ಉಪ್ಪು ತಾಳುವ ಕಗ್ಗದ ಭತ್ತ ಬೆಳೆಯಲಿಕ್ಕೆ. ಎದುರು ತಲೆಹೊರೆ ಹೊತ್ತವರು ಬಂದರೆ ಇಳಿಯಬೇಕಾದವರು ನೀವೇ. ಭರತಿಯ (ಉಬ್ಬರದ) ಹೊತ್ತು ನೋಡಿಕೊಳ್ಳದೆ ಹೋದರೆ ಅರ್ಧ ದಾರಿಯಲ್ಲಿ ಜಿಪಿಎಸ್ ನೆಲ ತೋರಿಸುತ್ತದೆ, ಕಣ್ಣು ನೀರು ತೋರಿಸುತ್ತದೆ. ಅಲ್ಲಿಯ ಜೇಡಿ ಟೈರಿಗೂ ಫ್ರೇಮಿಗೂ ನಡುವೆ ಸಿಮೆಂಟಿನಂತೆ ಕೂರುತ್ತದೆ. ಸಂದು 6 ಮಿ.ಮೀ.ಗಿಂತ ಕಡಿಮೆ ಇದ್ದರೆ ಚಕ್ರ ತಿರುಗುವುದಿಲ್ಲ, ಸೈಕಲ್ಲು ನಿಮ್ಮ ಹೆಗಲ ಮೇಲೆ ಸವಾರಿ ಮಾಡುತ್ತದೆ.

ಇಷ್ಟು ಕೇಳಿಯೂ ಬರುತ್ತೇವೆ ಎನ್ನುವವರಿಗೆ ತಕರಾರಿಲ್ಲ. ಟೈರು 45 ಮಿ.ಮೀ.ಗೆ ಕಡಿಮೆ ಬೇಡ. ಎಪ್ಪತ್ತು ಕೆಜಿ ಆಳಾದರೆ ಮುಂದೆ 28, ಹಿಂದೆ 32 ಪಿಎಸ್‌ಐ ಗಾಳಿ ಸಾಕು. ರಸ್ತೆ ಸೈಕಲ್ಲಿನ ಹುಮ್ಮಸ್ಸಿನಲ್ಲಿ ಅರವತ್ತು ತುಂಬಿದರೆ ಜಲ್ಲಿಯ ಮೇಲೆ ಚೆಂಡಿನಂತೆ ಪುಟಿಯುತ್ತೀರಿ. ಟೈರಿನೊಳಗಿನ ಸೀಲೆಂಟು, ಅಂದರೆ ತೂತು ಮುಚ್ಚುವ ದ್ರವ, ನಮ್ಮ ಸೆಕೆಗೆ ಎರಡು ಮೂರು ತಿಂಗಳಲ್ಲಿ ಒಣಗುತ್ತದೆ, ಹೊರಡುವ ಮೊದಲು ಚಕ್ರ ಕುಲುಕಿ ಸದ್ದು ಕೇಳಿ. ಕೆಂಪು ರಾಡಿಯಲ್ಲಿ ದೇವಿಮನೆ ಘಟ್ಟ ಇಳಿಯುವುದಾದರೆ ರೆಸಿನ್ ಬ್ರೇಕ್ ಪ್ಯಾಡ್ ಬೇಡ, ಲೋಹದ್ದು ಹಾಕಿ. ಹಿಂದಿನ ಗೇರು ತೂಗುವ ಹ್ಯಾಂಗರ್ ಒಂದು ಹೆಚ್ಚಿಗೆ ಇರಲಿ, ಸಿಡಿದ ಜಲ್ಲಿಗೆ ಅದೇ ಇಷ್ಟ.

ಟ್ಯೂಬು ಕನಿಷ್ಠ ಎರಡು ತನ್ನಿ. ಹಳ್ಳಿಯ ಅಂಗಡಿಯಲ್ಲಿ ಸಿಗುವುದು ಅಟ್ಲಾಸ್ ಸೈಕಲ್ಲಿನದು. ಎರಡೂ ಟೈರಿನ ಮೇಲೆ 28 ಎಂದೇ ಬರೆದಿದ್ದರೂ ಅದರ ರಿಮ್ಮಿನಲ್ಲಿ ಟೈರು ಕೂರುವ ವ್ಯಾಸ 635 ಮಿ.ಮೀ., ನಿಮ್ಮದು 622. ಟ್ಯೂಬನ್ನಾದರೂ ತುರುಕೋಣ ಎಂದರೆ ಅದರ ಗಾಳಿ ತುಂಬುವ ವಾಲ್ವ್ 8 ಮಿ.ಮೀ. ದಪ್ಪ, ನಿಮ್ಮ ರಿಮ್ಮಿನ ತೂತು 6.5. ಅಂಗಡಿಯ ಅಜ್ಜ ಅದನ್ನೆಲ್ಲ ನೋಡಿ ಮುಗಿಸಿ, ‘ತಮಾ, ಇದ್ಕೆ ಕ್ಯಾರಿಯರ್ ಇಲ್ಯನಾ? ಅಡಿಕೆ ಚೀಲ ಎಲ್ಲಿ ಕಟ್ಟದು?’ ಎಂದು ಕೇಳುತ್ತಾನೆ. ಲಕ್ಷ ಕೊಟ್ಟವರ ಬಳಿ ಆ ಪ್ರಶ್ನೆಗೆ ಉತ್ತರವಿರುವುದಿಲ್ಲ.

ಮತ್ತೆ, ಬರುವುದಾದರೆ ಫೆಬ್ರವರಿಯೊಳಗೆ ಬನ್ನಿ. ತಡಮಾಡಿದರೆ ಈ ರೀಲಿನ ದಾರಿ ಸಿಗಲಿಕ್ಕಿಲ್ಲ. ಮಾರ್ಚ್ 31ರೊಳಗೆ ಬಿಲ್ಲು ಆಗಬೇಕಲ್ಲ, ಹಳೆಯದರ ಮೇಲೆ ಹೊಸ ಜಲ್ಲಿ ಬಿದ್ದಿರುತ್ತದೆ.