ಕೆದಕಿ ನೋಡುವ ಆಸೆ

ಅಡುಗೆಮನೆಯ ಬುಟ್ಟಿಯಲ್ಲಿ ನಾಲ್ಕು ದಿನ ಮರೆತರೆ ಸಾಕು, ಬೆಳ್ಳುಳ್ಳಿ ತಾನೇ ಹಸಿರು ಮೊಳಕೆ ಚಾಚುತ್ತದೆ. ಮಣ್ಣೂ ಇಲ್ಲ, ನೀರೂ ಇಲ್ಲ. ಅದನ್ನು ನೋಡಿದರೆ ‘ಸುಮ್ನೆ ಹಿತ್ತಲಲ್ಲಿ ಊರಿದರೆ ಆಯ್ತಲ್ಲ’ ಅನ್ನಿಸುತ್ತದೆ. ಊರಿದರೆ ಎಲೆ ಬರುವುದೂ ನಿಜ. ಗೆಡ್ಡೆಯ ಕಥೆ ಮಾತ್ರ ಬೇರೆ.

ಮೊದಲ ಸಂಕಟ ಎಸಳು ಆರಿಸುವಾಗಲೇ ಶುರು. ಈ ಗಿಡ ಬೀಜ ಕಟ್ಟುವುದನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದೆ. ಸಾವಿರಾರು ವರ್ಷಗಳಿಂದ ಜನ ಎಸಳು ಊರಿಯೇ ಇದನ್ನು ಬೆಳೆಯುತ್ತಾ ಬಂದಿದ್ದಾರೆ. ದಪ್ಪ ಎಸಳು ಊರಿದರೆ ಗೆಡ್ಡೆಯೂ ದಪ್ಪ. ಅಂದರೆ ಚೆನ್ನಾಗಿರುವುದನ್ನೆಲ್ಲ ಮಣ್ಣಿಗೆ ಕೊಟ್ಟು, ಸುಲಿಯಲು ಉಗುರಿಗೂ ಸಿಗದ ಚಿಕ್ಕವನ್ನು ಅಡುಗೆಗೆ ಇಟ್ಟುಕೊಳ್ಳಬೇಕು. ಕೈ ಬರುವುದಿಲ್ಲ ನೋಡಿ! ಉಳಿದದ್ದು ಸುಲಭ. ಸಿಪ್ಪೆ ಸುಲಿಯಬಾರದು, ಚೂಪು ತುದಿ ಮೇಲಿರಬೇಕು, ಆಳ 3ರಿಂದ 5 ಸೆಂ.ಮೀ., ನಡುವೆ 10ರಿಂದ 15 ಸೆಂ.ಮೀ. ಜಾಗ. ತಲೆಕೆಳಗಾಗಿ ಊರಿದರೂ ಮೊಳಕೆ ಸುತ್ತು ಹಾಕಿಕೊಂಡು ಮೇಲೆ ಬರುತ್ತದೆ, ಗೆಡ್ಡೆ ಸೊಟ್ಟಗಾಗುತ್ತದೆ ಅಷ್ಟೇ.

ಆಮೇಲೆ ಅದಕ್ಕೆ ಚಳಿ ಬೇಕು. 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪಿನಲ್ಲಿ ಕೆಲವು ವಾರ ಕಳೆದು, ನಂತರ ಹಗಲು ಉದ್ದವಾಗುತ್ತಾ ಬಂದರೆ ಗೆಡ್ಡೆ ಒಳಗೊಳಗೇ ಎಸಳುಗಳಾಗಿ ಬೇರೆಯಾಗುತ್ತದೆ. ಚಳಿ ಸಾಲದಿದ್ದರೆ ಸಣ್ಣ ಈರುಳ್ಳಿಯಂತೆ ಒಂದೇ ಉಂಡೆ. ಅದನ್ನು ಎಸೆಯಬೇಡಿ. ಮುಂದಿನ ಸಲ ಅದನ್ನೇ ಊರಿದರೆ ಎಸಳಿರುವ ಗೆಡ್ಡೆ ಸಿಗಬಹುದು. ಚಳಿ ಕಡಿಮೆ ಇರುವ ಕಡೆ ಕೆಲವರು ಎಸಳನ್ನು ಮೊದಲೇ ಕೆಲವು ವಾರ ಫ್ರಿಜ್‌ನಲ್ಲಿಟ್ಟು ಊರುತ್ತಾರೆ. ಗಿಡಕ್ಕೆ ಮೋಸ ಮಾಡಿದಂತೆ ಅನ್ನಿಸಿದರೂ ಅದೇನೂ ಬೇಸರ ಮಾಡಿಕೊಳ್ಳುವುದಿಲ್ಲ.

ಬೆಳ್ಳುಳ್ಳಿ ಇದ್ದಲ್ಲಿ ಹುಳ ಸುಳಿಯುವುದಿಲ್ಲ ಅನ್ನುವವರಿದ್ದಾರೆ. ಥ್ರಿಪ್ಸ್ ಎಂಬ ಪುಟ್ಟ ಕೀಟಗಳಿಗೆ ಈ ಮಾತು ಯಾರೂ ಹೇಳಿದಂತಿಲ್ಲ, ಅವು ಎಲೆಯ ರಸ ಹೀರಿಕೊಂಡು ಆರಾಮಾಗಿರುತ್ತವೆ. ಇನ್ನು ಆ ಘಾಟು ವಾಸನೆ? ಅದು ಎಸಳಿನೊಳಗೆ ಸಿದ್ಧವಾಗಿ ಕೂತಿರುವುದಿಲ್ಲ. ಆಲಿಯಿನ್ ಎಂಬ ವಸ್ತು ಒಂದು ಕಡೆ, ಅದನ್ನು ಬದಲಿಸುವ ಕಿಣ್ವ ಇನ್ನೊಂದು ಕಡೆ. ಜಜ್ಜಿದಾಗ ಎರಡೂ ಸೇರಿ ಆ ಘಾಟಿನ ಆಲಿಸಿನ್ ಹುಟ್ಟುತ್ತದೆ. ಹಾಗಾಗಿ ಮಡಿಯ ಪಕ್ಕ ಎಷ್ಟು ಹೊತ್ತು ಕೂತರೂ ಕೆಳಗೇನು ನಡೆದಿದೆ ಎಂದು ಮೂಗಿಗೆ ತಿಳಿಯುವುದಿಲ್ಲ.

ನಿಜವಾದ ಕಷ್ಟ ಇದೇ. ಟೊಮೆಟೊ ಆದರೆ ಕಣ್ಣೆದುರೇ ಕೆಂಪಾಗುತ್ತದೆ. ಇದು ತಿಂಗಳುಗಟ್ಟಲೆ ಎಲೆ ತೋರಿಸಿಕೊಂಡೇ ನಿಂತಿರುತ್ತದೆ. ‘ಒಂದೇ ಒಂದನ್ನು ಕೆದಕಿ ನೋಡಲಾ?’ ಅನ್ನಿಸದ ತೋಟಗಾರ ಇರಲಾರ. ಪ್ರೀತಿ ಹೆಚ್ಚಾಗಿ ನೀರು ಸುರಿದರೆ ಗೆಡ್ಡೆ ಕೊಳೆಯುತ್ತದೆ. ಕೈಕಟ್ಟಿ ಕೂರುವವರಿಗೇ ಈ ಬೆಳೆ ಜಾಸ್ತಿ ಒಲಿಯುತ್ತದೆ ಅಂತ ನನ್ನ ಅನಿಸಿಕೆ.

ಹಾಗಂತ ಏನೂ ಸುಳಿವಿಲ್ಲ ಎಂದಲ್ಲ. ಒಂದೊಂದು ಎಲೆಯ ಬುಡವೇ ಗೆಡ್ಡೆಗೆ ಒಂದೊಂದು ಸುತ್ತು ಹೊದಿಕೆ. ಕೆಳಗಿನ ಎಲೆಗಳು ಒಣಗತೊಡಗಿದಾಗ ನೀರು ನಿಲ್ಲಿಸಿ, ಮೇಲಿನವು ಇನ್ನೂ ಹಸಿರಾಗಿರುವಾಗಲೇ ಕೀಳಬೇಕು. ಎಲ್ಲವೂ ಒಣಗಲಿ ಎಂದು ಕಾದರೆ ಹೊದಿಕೆ ಹರಿದು ಎಸಳುಗಳು ಮಣ್ಣಲ್ಲೇ ಬಿಚ್ಚಿಕೊಳ್ಳುತ್ತವೆ.

ಕಿತ್ತದ್ದನ್ನು ತೊಳೆಯದೆ, ಗಾಳಿಯಾಡುವ ನೆರಳಲ್ಲಿ ಎರಡು ಮೂರು ವಾರ ಒಣಗಿಸಬೇಕು. ಆದರೆ ಅಷ್ಟು ತಿಂಗಳು ಕಾದವರನ್ನು ಮತ್ತೆ ಮೂರು ವಾರ ಕಾಯಿಸುವುದು ಅನ್ಯಾಯ ಅಲ್ವಾ? ಒಂದೆರಡು ಗೆಡ್ಡೆ ಹಸಿಯಾಗಿಯೇ ಅಡುಗೆಮನೆಗೆ ಹೋಗಲಿ. ಒಣಗುವ ಕೆಲಸ ಉಳಿದವು ನೋಡಿಕೊಳ್ಳುತ್ತವೆ.