ಶ್ವಾಸಕೋಶದ ಕ್ಯಾನ್ಸರ್‌ಗೆ ಪೆಪ್ಟೈಡ್ ಔಷಧ: ಈ ಹಾದಿಯಲ್ಲಿ ಹೆಚ್ಚಿನ ಶ್ರಮ ಹೂಡಬೇಕೆ?

ಪರ

2022ರಲ್ಲಿ ಜಗತ್ತಿನಾದ್ಯಂತ ಸುಮಾರು 18 ಲಕ್ಷ ಜನ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಇವರಲ್ಲಿ ಅನೇಕರ ಗೆಡ್ಡೆಯ ಮೂಲದಲ್ಲಿದ್ದದ್ದು ಕೋಶಕ್ಕೆ ಬೆಳೆಯುವ ಸಂದೇಶ ದಾಟಿಸುವ ಕೆ-ರಾಸ್ ಪ್ರೋಟೀನಿನಲ್ಲಿ ಬದಲಾದ ಒಂದೇ ಒಂದು ಅಮೈನೊ ಆಮ್ಲ, ಅಂದರೆ ಪ್ರೋಟೀನ್ ಸರಪಳಿಯ ಒಂದು ಕೊಂಡಿ. ಅದರ 12ನೇ ಸ್ಥಾನದಲ್ಲಿ ಗ್ಲೈಸೀನ್ ಹೋಗಿ ಸಿಸ್ಟೀನ್ ಬಂದಿದ್ದರೆ, 2021ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸೋಟೊರಾಸಿಬ್ ಮಾತ್ರೆ ಆ ಸಿಸ್ಟೀನಿನ ಗಂಧಕಕ್ಕೆ ಬಿಡಿಸಲಾಗದಂತೆ ಬೆಸೆದುಕೊಳ್ಳುತ್ತದೆ. ಅದೇ ಜಾಗಕ್ಕೆ ಆಸ್ಪಾರ್ಟಿಕ್ ಆಮ್ಲವೋ ವ್ಯಾಲೀನೋ ಬಂದಿದ್ದರೆ ಬೆಸೆದುಕೊಳ್ಳಲು ಗಂಧಕವೇ ಇರುವುದಿಲ್ಲ. ಆ ರೋಗಿಗೆ ಈ ಮಾತ್ರೆಯಿಂದ ಉಪಯೋಗವಿಲ್ಲ.

ಕೆ-ರಾಸ್ ತನ್ನ ಸಂದೇಶವನ್ನು ರಾಫ್ ಎಂಬ ಮತ್ತೊಂದು ಪ್ರೋಟೀನಿಗೆ ದಾಟಿಸುವುದು ಎರಡರ ಅಗಲವಾದ ಮೈಗಳು ಒಂದಕ್ಕೊಂದು ತಾಗಿದಾಗ. ಅಷ್ಟು ಅಗಲವಾದ, ಹೆಚ್ಚು ಕುಳಿಗಳಿಲ್ಲದ ಮೈಯನ್ನು ಚಿಕ್ಕ ಅಣುವೊಂದು ಹಿಡಿಯುವುದು ಕಷ್ಟ; ಹತ್ತು ಹನ್ನೆರಡು ಅಮೈನೊ ಆಮ್ಲಗಳ ಪುಟ್ಟ ಸರಪಳಿಯಾದ ಪೆಪ್ಟೈಡ್ ಅದರ ಮೇಲೆ ಹಲವು ಕಡೆ ಊರಿ ನಿಲ್ಲಬಲ್ಲದು. ಹೀಗೆ ನಿಲ್ಲುವಂಥದ್ದನ್ನು ಹುಡುಕಲು ಈಗ ಕುರುಡು ಪ್ರಯತ್ನ ಬೇಕಿಲ್ಲ. 2018ರ ನೊಬೆಲ್‌ಗೆ ಪಾತ್ರವಾದ ಫೇಜ್ ಡಿಸ್‌ಪ್ಲೇ ವಿಧಾನದಲ್ಲಿ, ವೈರಸ್‌ಗಳ ಮೈಮೇಲೆ ಮೂಡಿಸಿದ ಕೋಟ್ಯಂತರ ಪೆಪ್ಟೈಡುಗಳನ್ನು ಒಂದೇ ನಳಿಕೆಯಲ್ಲಿ ಸೋಸಿ ನೋಡಬಹುದು.

ಪೆಪ್ಟೈಡನ್ನು ದೇಹದ ಕಿಣ್ವಗಳು ಕತ್ತರಿಸಿಬಿಡುತ್ತವೆ ಎಂಬುದು ಹಳೆಯ ಆಕ್ಷೇಪ. ಸರಪಳಿಯ ತುದಿಗಳನ್ನು ಜೋಡಿಸಿ ಉಂಗುರವಾಗಿಸಿ, ಕೆಲವು ಸಾರಜನಕಗಳಿಗೆ ಮೀಥೈಲ್ ಗುಂಪು ತೊಡಿಸಿದರೆ ಕಿಣ್ವದ ಹಿಡಿತ ಸಡಿಲವಾಗುತ್ತದೆ. ಅಂಗಾಂಗ ಕಸಿಯಾದವರು ದಶಕಗಳಿಂದ ನುಂಗುತ್ತಿರುವ ಸೈಕ್ಲೋಸ್ಪೋರಿನ್ 11 ಅಮೈನೊ ಆಮ್ಲಗಳ ಇಂಥದೇ ಉಂಗುರ. ಅದೇ ಜಾಡಿನಲ್ಲಿ ಜಪಾನಿನ ಚುಗಾಯ್ ಕಂಪನಿ ರಾಸ್ ಪ್ರೋಟೀನನ್ನು ಗುರಿಯಾಗಿಸಿದ ಲೂನಾ18 ಎಂಬ ಉಂಗುರ ಪೆಪ್ಟೈಡನ್ನು ರೂಪಿಸಿ, ಬಾಯಿಯ ಮೂಲಕ ಕೊಟ್ಟು ಮನುಷ್ಯರಲ್ಲಿ ಪರೀಕ್ಷಿಸುವ ಹಂತಕ್ಕೆ ತಂದಿತು. ಇಲ್ಲಿಯವರೆಗೆ ಬಂದ ಮೇಲೆ ಕೈಬಿಡುವುದು ನನಗೆ ಸರಿ ಕಾಣುವುದಿಲ್ಲ.

ವಿರೋಧ

ಪೆಪ್ಟೈಡುಗಳು ದೊಡ್ಡ ಗೆಲುವು ಕಂಡಿರುವುದು ಜೀವಕೋಶದ ಹೊರಗೆ. ಇನ್ಸುಲಿನ್ ಆಗಲಿ, ನರ-ಅಂತಃಸ್ರಾವಕ ಗೆಡ್ಡೆಗಳಿಗೆ ವಿಕಿರಣ ಹೊತ್ತೊಯ್ಯುವ ಲುಟೇಶಿಯಂ ಡೋಟಟೇಟ್ ಆಗಲಿ, ಕೋಶದ ಹೊರಮೈಯಲ್ಲಿ ಸಂದೇಶ ಸ್ವೀಕರಿಸುವ ಗ್ರಾಹಕ ಪ್ರೋಟೀನಿಗೆ ಅಂಟುತ್ತವೆ. ಶ್ವಾಸಕೋಶದ ಕ್ಯಾನ್ಸರ್‌ನ ಮುಖ್ಯ ರೂಪಾಂತರಗಳು, ಅಂದರೆ ಪ್ರೋಟೀನುಗಳಲ್ಲಿನ ಬದಲಾವಣೆಗಳು, ಕೋಶದ ಒಳಗಿವೆ; ಪೊರೆ ದಾಟಿ ಅಲ್ಲಿಗೆ ತಲುಪುವುದು ಪೆಪ್ಟೈಡಿಗೆ ಕಷ್ಟ. ಬೆಳವಣಿಗೆಯ ಸಂದೇಶ ಪಡೆಯುವ ಇಜಿಎಫ್ಆರ್ ಹೊರಗೆ ಚಾಚಿಕೊಂಡ ಗ್ರಾಹಕವೇ ಆದರೂ ಅದರ ಸಾಮಾನ್ಯ ರೂಪಾಂತರಗಳಿರುವುದು ಪೊರೆ ದಾಟಿ ಕೋಶದೊಳಗಿರುವ ಭಾಗದಲ್ಲಿ. ಸೈಕ್ಲೋಸ್ಪೋರಿನ್ ಒಂದು ಶಿಲೀಂಧ್ರದ ಕೊಡುಗೆ, ಅದರ ಗುಣವನ್ನು ಬೇಕೆಂದಾಗ ನಕಲು ಮಾಡಲಾಗುವುದಿಲ್ಲ. ಮಾತ್ರೆಯಾಗಿ ಸಿಗುವ, ಮಧುಮೇಹಕ್ಕೆ ಕೊಡುವ ಪೆಪ್ಟೈಡ್ ಸೆಮಾಗ್ಲುಟೈಡ್‌ನಲ್ಲಿ, ಹೀರಿಕೆಗೆ ನೆರವಾಗುವ ವಸ್ತು ಬೆರೆಸಿದ ಮೇಲೂ, ರಕ್ತಕ್ಕೆ ಸೇರುವುದು ಶೇ 1ರ ಆಸುಪಾಸು ಮಾತ್ರ.

ಕೆ-ರಾಸ್‌ಗೆ ಚಿಕ್ಕ ಅಣು ಹೊಂದುವುದಿಲ್ಲ ಎಂಬ ವಾದವೂ 2013ರಲ್ಲೇ ಬಿದ್ದುಹೋಯಿತು. ಆಗ ವಿಜ್ಞಾನಿಗಳು ಅದರ ಮೈಯಲ್ಲಿ ಅಡಗಿದ್ದ ಕುಳಿಯೊಂದನ್ನು ಕಂಡುಹಿಡಿದು, ಅದಕ್ಕೆ ಹೊಂದುವ ಚಿಕ್ಕ ಅಣುಗಳನ್ನೂ ತೋರಿಸಿಕೊಟ್ಟರು.

ನನ್ನ ಮುಖ್ಯ ಆತಂಕ ಬೇರೆ. ಜೆಫಿಟಿನಿಬ್ ಎಂಬ ಔಷಧ ಇಜಿಎಫ್ಆರ್ ಅನ್ನು ತಡೆದಾಗ ಅರ್ಧಕ್ಕೂ ಹೆಚ್ಚು ರೋಗಿಗಳ ಗೆಡ್ಡೆಯಲ್ಲಿ ಟಿ790ಎಂ ಎಂಬ ಹೊಸ ರೂಪಾಂತರ ತಲೆಯೆತ್ತಿತು. ಅದಕ್ಕೆ ಒಸಿಮರ್ಟಿನಿಬ್ ಎಂಬ ಮತ್ತೊಂದು ಔಷಧ ತಂದರೆ ಸಿ797ಎಸ್ ಎಂಬ ಇನ್ನೊಂದು ರೂಪಾಂತರ ಬಂದಿತು. ಸೋಟೊರಾಸಿಬ್ ಅನ್ನು ಡೋಸಿಟ್ಯಾಕ್ಸೆಲ್ ಎಂಬ ಕೀಮೋಥೆರಪಿ ಔಷಧದ ಜೊತೆ ಹೋಲಿಸಿದ ದೊಡ್ಡ ಪರೀಕ್ಷೆಯಲ್ಲಿ ರೋಗ ಉಲ್ಬಣಿಸದೆ ನಿಂತದ್ದು 4.5 ತಿಂಗಳಿನಿಂದ 5.6ಕ್ಕೆ ಏರಿತಷ್ಟೆ, ಒಟ್ಟು ಆಯಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಒಂದೇ ಗುರಿಗೆ ಬಿಗಿಯಾಗಿ ಅಂಟುವ ಪೆಪ್ಟೈಡನ್ನೂ ಗೆಡ್ಡೆ ಇದೇ ರೀತಿ ತಪ್ಪಿಸಿಕೊಂಡು ಹೋಗುತ್ತದೆ. ಇನ್ನೊಂದೆಡೆ, ಹೆಚ್ಚು ಸಿಗರೇಟು ಸೇದಿದವರಿಗೆ ಕಡಿಮೆ ವಿಕಿರಣದ ಸಿಟಿ ತಪಾಸಣೆ ಮಾಡಿದರೆ, ಎದೆಯ ಎಕ್ಸ್-ರೇಗೆ ಹೋಲಿಸಿದಾಗ, ಈ ಕ್ಯಾನ್ಸರ್‌ನ ಸಾವು ಶೇ 20ರಷ್ಟು ತಗ್ಗುತ್ತದೆಂದು 2011ರಲ್ಲೇ ಗೊತ್ತಾಗಿದೆ. ಆ ತಪಾಸಣೆ ಅಗತ್ಯವಿರುವ ಬಹುಪಾಲು ಜನರನ್ನು ಇಂದಿಗೂ ತಲುಪಿಲ್ಲ.