ಅಹ್ಮದ್ ಜಮಾಲ್ ಜಾಝ್‌ನ ದಾರಿ ಬದಲಿಸಿದ್ದು ನುಡಿಸದೆ ಬಿಟ್ಟ ಸ್ವರಗಳಿಂದಲೇ?

ಪರ: ಹೌದು, ಬಿಟ್ಟದ್ದೇ ಅವರ ದೊಡ್ಡ ಕೊಡುಗೆ

ಅಮೆರಿಕದ ಜಾಝ್ ಪಿಯಾನೊ ವಾದಕ ಅಹ್ಮದ್ ಜಮಾಲ್ ಅವರ ‘ಪಾಯಿನ್ಸಿಯಾನಾ’ ಕೇಳಿಲ್ಲದವರು ಮೊದಲು ಅದನ್ನು ಕೇಳಿಬಿಡಿ. ಎಂಟು ನಿಮಿಷ ಅಷ್ಟೇ. 1958ರ ಜನವರಿಯಲ್ಲಿ ಶಿಕಾಗೋದ ಪರ್ಶಿಂಗ್ ಹೋಟೆಲಿನ ಲೌಂಜ್‌ನಲ್ಲಿ, ಜನರ ಎದುರಿಗೇ ರೆಕಾರ್ಡ್ ಆದದ್ದು. ಬಾಸ್‌ನಲ್ಲಿ ಇಸ್ರೇಲ್ ಕ್ರಾಸ್ಬಿ, ಡ್ರಮ್ಸ್‌ನಲ್ಲಿ ವರ್ನೆಲ್ ಫೋರ್ನಿಯೇ. ಪಿಯಾನೊ ಹಾಡಿನ ಒಂದು ಸಾಲು ಹೇಳುತ್ತದೆ, ಸುಮ್ಮನಾಗುತ್ತದೆ, ಇನ್ನೇನು ಬಂತು ಅಂದುಕೊಳ್ಳುವಷ್ಟರಲ್ಲಿ ಬರುವುದಿಲ್ಲ, ಆಮೇಲೆ ಎಲ್ಲೋ ಮೇಲಿನ ಮನೆಗಳಲ್ಲಿ ಎರಡೇ ಎರಡು ಸ್ವರ ಟಿಣ್ ಅನ್ನಿಸಿ ಮತ್ತೆ ಸುಮ್ಮನೆ. ಕಾಯುವ ಕೆಲಸ ನಮ್ಮ ಕಿವಿಯದು.

ಇದು ಎಂಥ ಧೈರ್ಯ ಅಂತ ತಿಳಿಯಬೇಕಾದರೆ ಆ ಕಾಲ ನೆನಪಿಸಿಕೊಳ್ಳಬೇಕು. ಸ್ಯಾಕ್ಸೊಫೋನ್‌ನ ಚಾರ್ಲಿ ಪಾರ್ಕರ್, ಪಿಯಾನೊದ ಬಡ್ ಪವೆಲ್ ಬಂದ ಮೇಲೆ ಬೆರಳು ಎಷ್ಟು ಜೋರಾಗಿ ಓಡುತ್ತದೆ ಅನ್ನುವುದೇ ಒಂದು ಅಳತೆಗೋಲು ಆಗಿತ್ತು. ಜಮಾಲ್‌ಗೆ ಬೆರಳು ಓಡುತ್ತಿರಲಿಲ್ಲ ಅಂತಲ್ಲ. ಪಿಟ್ಸ್‌ಬರ್ಗ್‌ನಲ್ಲಿ ಮೂರನೇ ವಯಸ್ಸಿಗೇ ಪಿಯಾನೊ ಮುಟ್ಟಿದವರು, ಆರ್ಟ್ ಟೇಟಮ್‌ರಂಥ ಮಹಾವೇಗದ ವಾದಕರನ್ನು ಆರಾಧಿಸಿದವರು. ಬೇಕಾದಾಗ ಒಂದೇ ಉಸಿರಿಗೆ ಇಡೀ ಪಿಯಾನೊ ಗುಡಿಸಿಬಿಡುತ್ತಾರೆ, ಮರುಕ್ಷಣ ಕೈ ತೆಗೆಯುತ್ತಾರೆ. ಗೊತ್ತಿದ್ದೂ ಬಿಡುವುದಕ್ಕೂ, ಗೊತ್ತಿಲ್ಲದೆ ಬಿಡುವುದಕ್ಕೂ ವ್ಯತ್ಯಾಸ ಕೇಳಿದ ತಕ್ಷಣ ಗೊತ್ತಾಗುತ್ತದೆ ಅಲ್ವಾ?

ಇದನ್ನು ಎಲ್ಲರಿಗಿಂತ ಮೊದಲು ಗುರುತಿಸಿದವರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಒಬ್ಬರು. ಜಮಾಲ್ ಥರ ನುಡಿಸು ಅಂತ ತಮ್ಮ ಪಿಯಾನೊ ವಾದಕ ರೆಡ್ ಗಾರ್ಲೆಂಡ್‌ಗೆ ಹೇಳುತ್ತಿದ್ದರು. 1957ರಲ್ಲಿ ಡೇವಿಸ್‌ರ ‘ಮೈಲ್ಸ್ ಅಹೆಡ್’ ಆಲ್ಬಮ್‌ಗಾಗಿ ಸಂಗೀತ ಸಂಯೋಜಕ ಗಿಲ್ ಇವಾನ್ಸ್ ಅವರು ಜಮಾಲ್‌ರ ‘ನ್ಯೂ ರುಂಬಾ’ವನ್ನು ದೊಡ್ಡ ವಾದ್ಯವೃಂದಕ್ಕೆ ಅಳವಡಿಸಿದರು. ಮೂಲದಲ್ಲಿ ಅದು ಪಿಯಾನೊ, ಗಿಟಾರ್, ಬಾಸ್ ಸೇರಿ ಮೂರೇ ಜನರದ್ದು, ಡ್ರಮ್ಸ್ ಕೂಡ ಇರಲಿಲ್ಲ. ಮೂರು ಜನ ಬಿಟ್ಟ ಜಾಗದೊಳಗೆ ಒಂದು ವಾದ್ಯವೃಂದವೇ ಕೂರುವಷ್ಟು ಎಡೆ ಇತ್ತು.

ಅದೇ ಎಡೆಯಲ್ಲಿ ಮುಂದೆ, ಲಯಕ್ಕೆ ಮಾತು ಹೇಳುವ ಹಿಪ್‌ಹಾಪ್ ಕೂತಿತು. 1970ರ ‘ದಿ ಅವೇಕನಿಂಗ್’ ಆಲ್ಬಮ್‌ನಲ್ಲಿ ‘ಐ ಲವ್ ಮ್ಯೂಸಿಕ್’ ಇದೆ. ಅದರ ಪಿಯಾನೊದ ಚೂರೊಂದನ್ನು ಎತ್ತಿಕೊಂಡು ಹಿಪ್‌ಹಾಪ್ ನಿರ್ಮಾಪಕ ಪೀಟ್ ರಾಕ್ ಅವರು 1994ರಲ್ಲಿ ರ‍್ಯಾಪ್ ಹಾಡುಗಾರ ನಾಸ್‌ನ ‘ದಿ ವರ್ಲ್ಡ್ ಈಸ್ ಯುವರ್ಸ್’ ಕಟ್ಟಿದರು. ಮಾತು ಕೂರಲು ಜಾಗ ಬೇಕು. ಸ್ವರ ತುರುಕಿದ ಪಿಯಾನೊದಲ್ಲಿ ಆ ಜಾಗ ಸಿಗುವುದಿಲ್ಲ.

ವಿರೋಧ: ಮೌನ ಅನ್ನುವ ಒಂದೇ ಮಾತಿಗೆ ಅವರು ದಕ್ಕುವುದಿಲ್ಲ

ಜಮಾಲ್ ದೊಡ್ಡವರು, ಅದರಲ್ಲಿ ನನ್ನ ತಕರಾರಿಲ್ಲ. ಆ ಕಾಲದ ಕೆಲವು ವಿಮರ್ಶಕರು ಅವರನ್ನು ಕಾಕ್‌ಟೇಲ್ ಲೌಂಜಿನ ಪಿಯಾನೊದವನು ಅಂತ ತಳ್ಳಿಹಾಕಿದ್ದು ತಪ್ಪು. ‘ಪಾಯಿನ್ಸಿಯಾನಾ’ ಇದ್ದ ಆ ಪರ್ಶಿಂಗ್ ಆಲ್ಬಮ್ ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನೂರಕ್ಕೂ ಹೆಚ್ಚು ವಾರ ಇತ್ತು. ಜನಕ್ಕೆ ಇಷ್ಟವಾಯಿತು ಅನ್ನುವುದೇ ದೋಷ ಆಗಬಾರದು. ಆದರೆ ಆ ತಪ್ಪನ್ನು ತಿದ್ದುವ ಭರದಲ್ಲಿ ನಾವು ಇನ್ನೊಂದು ತಪ್ಪು ಮಾಡುತ್ತಿದ್ದೇವೆ. ಜಮಾಲ್ ಅಂದರೆ ಮೌನ, ಖಾಲಿ ಜಾಗ, ಅಷ್ಟೇ ಅಂತ ಒಂದು ಚೀಟಿ ಅಂಟಿಸಿಬಿಟ್ಟಿದ್ದೇವೆ.

ಕಡಿಮೆ ನುಡಿಸುವುದೇ ಹೊಸತಾದರೆ ಪಿಯಾನೊ ನುಡಿಸುತ್ತ ದೊಡ್ಡ ಬ್ಯಾಂಡ್ ನಡೆಸಿದ ಕೌಂಟ್ ಬೇಸಿ ಎಲ್ಲಿಗೆ ಹೋದರು? 1930ರ ದಶಕದಲ್ಲೇ ಅವರು ಇಡೀ ಬ್ಯಾಂಡ್ ಎದುರು ಮೂರು ಸ್ವರ ಇಟ್ಟು ಕೈಕಟ್ಟಿ ಕೂರುತ್ತಿದ್ದರು.

ಇನ್ನು ‘ಪಾಯಿನ್ಸಿಯಾನಾ’. ಕೇಳಿ ಮುಗಿಸಿದ ಮೇಲೆ ನಿಮ್ಮ ಬೆರಳು ಮೇಜಿನ ಮೇಲೆ ಏನು ಬಡಿಯುತ್ತದೆ ನೋಡಿ. ಪಿಯಾನೊದ ಸಾಲಲ್ಲ, ಫೋರ್ನಿಯೇ ಅವರ ಡ್ರಮ್ಸ್. ಅವರು ನ್ಯೂ ಆರ್ಲಿಯನ್ಸ್‌ನವರು. ಆ ಊರಿನ ಬೀದಿ ಮೆರವಣಿಗೆಯ ಬ್ಯಾಂಡುಗಳಲ್ಲಿ ದೊಡ್ಡ ಡ್ರಮ್ಮೂ ಸಿಂಬಲ್ಲೂ ಒಂದಕ್ಕೊಂದು ಉತ್ತರ ಕೊಡುವ ರೀತಿ ಇದೆಯಲ್ಲ, ಅದು ಇಲ್ಲಿ ಒಬ್ಬನೇ ಮನುಷ್ಯನ ಎರಡು ಕೈಯಲ್ಲಿ ಕೇಳುತ್ತದೆ. ಕೆಳಗೆ ಕ್ರಾಸ್ಬಿ ಬಾಸ್‌ನಲ್ಲಿ ತಮ್ಮದೇ ಒಂದು ಹಾಡು ಹೇಳುತ್ತಿರುತ್ತಾರೆ. ಪಿಯಾನೊ ನಿಂತಾಗ ಅಲ್ಲಿ ಮೌನವೇ ಇಲ್ಲ! ಇಬ್ಬರು ಮೈಮುರಿದು ದುಡಿಯುತ್ತಿದ್ದಾರೆ. ಅದನ್ನು ಜಮಾಲ್‌ರ ಮೌನ ಅಂತ ಕರೆದರೆ ಇವರಿಬ್ಬರ ಹೆಸರು ಅಳಿಸಿದ ಹಾಗೆ. 1962ರಲ್ಲಿ ಕ್ರಾಸ್ಬಿ ತೀರಿಕೊಂಡರು, ಆ ಮೂವರ ಸದ್ದು ಮತ್ತೆ ಹುಟ್ಟಲಿಲ್ಲ.

ಇನ್ನೊಂದು ಮಾತು. ನಂತರದ ದಶಕಗಳ ಜಮಾಲ್‌ರನ್ನು ಕೇಳಿದವರಿಗೆ ಈ ಚೀಟಿ ಹೊಂದುವುದೇ ಇಲ್ಲ. ಕೈತುಂಬ ಸ್ವರ, ಕೀಲಿಗಳ ಮೇಲೆ ಗುದ್ದು, ಗುಡುಗಿನ ಹಾಗೆ ಏಳುವ ಎಡಗೈ. 2023ರಲ್ಲಿ 92ನೇ ವಯಸ್ಸಿಗೆ ತೀರಿಕೊಳ್ಳುವವರೆಗೆ ಅವರು ಬದುಕಿದ್ದು ದೊಡ್ಡ ಬದುಕು, 1958 ಅದರ ಒಂದು ಕೋಣೆ ಮಾತ್ರ.

ಹಾಗಾದರೆ ಅವರು ಬದಲಿಸಿದ್ದು ಏನು? ನನ್ನ ಪ್ರಕಾರ, ಮೂರು ಜನರ ಗುಂಪನ್ನು ನಡೆಸುವ ರೀತಿ. ಅದಕ್ಕೂ ಮೊದಲು ಹೆಚ್ಚಿನ ಟ್ರಯೊಗಳಲ್ಲಿ ಪಿಯಾನೊ ಯಜಮಾನ, ಉಳಿದಿಬ್ಬರು ಹಿಂದೆ. ಜಮಾಲ್ ಹಳೆಯ ಜನಪ್ರಿಯ ಹಾಡೊಂದನ್ನು ಎತ್ತಿಕೊಂಡು, ನಡುವೆ ಒಂದೇ ಲಯದ ಸುತ್ತು ಸೇರಿಸಿ, ಸದ್ದನ್ನು ಪಿಸುಮಾತಿನ ತನಕ ಇಳಿಸಿ, ಥಟ್ಟನೆ ಎತ್ತಿ, ಮೂವರಿಗೂ ಕೆಲಸ ಹಂಚಿದರು. ಆಮೇಲಿನ ವರ್ಷಗಳಲ್ಲಂತೂ ವೇದಿಕೆಯಲ್ಲೇ ಕೈಸನ್ನೆ ಮಾಡಿ ಒಬ್ಬರನ್ನು ಕರೆಯುತ್ತಿದ್ದರು, ಇನ್ನೊಬ್ಬರನ್ನು ತಡೆಯುತ್ತಿದ್ದರು. ಜನ ‘ಜಾಗ’ ಅಂದದ್ದನ್ನು ಅವರು ಶಿಸ್ತು ಅನ್ನುತ್ತಿದ್ದರು.

ಪರ ಬರೆದವರು ಹೇಳಿದ ‘ನ್ಯೂ ರುಂಬಾ’ ನನ್ನ ಕಡೆಗೇ ಸಾಕ್ಷಿ ಹೇಳುತ್ತದೆ. ಗಿಲ್ ಇವಾನ್ಸ್ ದೊಡ್ಡ ಗುಂಪಿಗೆ ತಂದದ್ದು ಖಾಲಿ ಜಾಗವನ್ನಲ್ಲ, ಜಮಾಲ್ ಆಗಲೇ ಯಾರು ಎಲ್ಲಿ ಬರಬೇಕು ಅಂತ ಬರೆದಿಟ್ಟಿದ್ದ ಕಟ್ಟಡವನ್ನು. ಡ್ರಮ್ಸ್ ಇಲ್ಲದ ಆ ಮೊದಲ ಗುಂಪಿನಲ್ಲಿ ಗಿಟಾರ್ ವಾದಕ ರೇ ಕ್ರಾಫರ್ಡ್ ತಮ್ಮ ಗಿಟಾರನ್ನೇ ಬೆರಳಿನಿಂದ ತಟ್ಟಿ ಬಾಂಗೊ ಥರದ ಸದ್ದು ಹೊರಡಿಸುತ್ತಿದ್ದರು. ಜಮಾಲ್ ಪಿಯಾನೊದಿಂದ ಕೈ ತೆಗೆದಾಗೆಲ್ಲ ಆ ತಟ್ಟುವ ಸದ್ದಿಗೆ ಒಮ್ಮೆ ಕಿವಿ ಕೊಡಿ.